ಸಿನಿಮಾದ ಹೆಣಕ್ಕೆ ಅತ್ತವಳು

‘ಸುಟ್ಟಿ ಪಾರ್ಟ್ ಟೂ’ ಹೇಗಿದೆ ಎಂದು ನನ್ನನ್ನು ಕೇಳದವರಿಲ್ಲ. ಹಾಲಿನವನು ಕೇಳಿದ. ಗಿರಣಿಯವನು ಜೋಳ ಬೀಸುತ್ತ ಬೀಸುತ್ತಲೇ ಕೇಳಿದ. ಕೇಳಿದ ಮೇಲೆ ಮುಖ ಅತ್ತ ತಿರುಗಿಸಿ ನಗುತ್ತಾರೆ. ಅವರಿಗೆ ಬೇಕಾದದ್ದು ನನ್ನ ಅಭಿಪ್ರಾಯವಲ್ಲ, ನನ್ನ ಅತ್ತೆಯ ಸುದ್ದಿ. ಇರಲಿ, ಕೇಳಿದ್ದಾರಲ್ಲ, ಮೊದಲು ಅಭಿಪ್ರಾಯವನ್ನೇ ಹೇಳಿಬಿಡುತ್ತೇನೆ.

ಕೆಟ್ಟ ಸಿನಿಮಾ. ಸುಟ್ಟಿ ಎಂದರೆ ಮರಾಠಿಯಲ್ಲಿ ರಜೆ. ಆರು ಜನ ಕಾಲೇಜು ಹುಡುಗ ಹುಡುಗಿಯರು ರಜೆ ಕಳೆಯಲು ಪುಣೆ ಹತ್ತಿರ ಶಿರೂರಿನ ದಾರಿಯ ಒಂದು ತೋಟದ ಮನೆಗೆ ಹೋಗುತ್ತಾರೆ. ಮೊದಲನೇ ಭಾಗದಲ್ಲಿ ಅದೇ ಮನೆಯಲ್ಲಿ ಕೊಲೆಗಳಾಗಿವೆ. ಪೇಪರಿನಲ್ಲಿ ಬಂದಿದೆ, ಪೊಲೀಸರಿಗೆ ಗೊತ್ತಿದೆ, ದಾರಿಯಲ್ಲಿ ಚಹಾದಂಗಡಿಯವನು ಹೋಗಬೇಡಿ ಎಂದು ಕೈಮುಗಿದು ಹೇಳುತ್ತಾನೆ. ಆದರೂ ಹೋಗುತ್ತಾರೆ. ಹೋದ ಕೂಡಲೇ ಕರೆಂಟು ಹೋಗುತ್ತದೆ. ಕರೆಂಟು ಹೋದ ಕೂಡಲೇ ಒಬ್ಬೊಬ್ಬರೂ ಒಂದೊಂದು ದಿಕ್ಕಿಗೆ ಓಡುತ್ತಾರೆ. ನಮ್ಮ ಭೋಸರಿಯಲ್ಲಿ ಗುರುವಾರ ಬಂದರೆ ಕರೆಂಟು ಇರುವುದಿಲ್ಲ. ಯಾರೂ ಕಬ್ಬಿನ ಗದ್ದೆಗೆ ಓಡಿದ್ದನ್ನು ನಾನು ಕಂಡಿಲ್ಲ, ಮೇಣದಬತ್ತಿ ಹುಡುಕುತ್ತಾರೆ. ಗೋಣಿಚೀಲವನ್ನು ಮುಖಕ್ಕೆ ಹಾಕಿಕೊಂಡ ಒಬ್ಬ ಬಂದು ಒಬ್ಬೊಬ್ಬರನ್ನೇ ಕೊಲ್ಲುತ್ತಾನೆ. ರಕ್ತವಂತೂ ಒಬ್ಬ ಬಡಕಲು ಹುಡುಗನ ಮೈಯಿಂದ ಎರಡು ಬಕೆಟ್ಟು ಬರುತ್ತದೆ. ಬಣ್ಣ ಮಾತ್ರ ಐಸ್ ಗೋಲಾಕ್ಕೆ ಹಾಕುವ ಕೆಂಪು ಶರಬತ್ತಿನದು. ಯಾರು ಸತ್ತರೂ ಉಳಿದವರು ಅಳುವುದಿಲ್ಲ, ಕಿರುಚುತ್ತಾರೆ ಅಷ್ಟೇ. ಆರು ಜನರ ಸಾವಿನಲ್ಲಿ ಅಳುವವರೇ ಇಲ್ಲದ ಕಥೆ ಬರೆದವನ ಮನೆಯಲ್ಲಿ ಇನ್ನೂ ಯಾರೂ ಸತ್ತಿರಲಿಕ್ಕಿಲ್ಲ.

ಇಂಥ ಸಿನಿಮಾಕ್ಕೆ ನಾನು ಯಾಕೆ ಹೋದೆ? ಹೆತ್ತವರಿಗೆ ಹೆಗ್ಗಣ ಮುದ್ದು. ನನ್ನ ಮಗಳು ಸಪ್ನಾ ಅದರಲ್ಲಿದ್ದಾಳೆ. ನಾಲ್ಕನೆಯವಳಾಗಿ ಸಾಯುತ್ತಾಳೆ.

ನಮ್ಮದು ಸಿಂದಗಿ ಕಡೆ. ಮದುವೆಯಾಗಿ ಬಂದಾಗಿನಿಂದ ನಾನು ಪುಣೆಯ ಈ ಭೋಸರಿಯಲ್ಲೇ ಇದ್ದೇನೆ. ಈಗ ಮನೆಯಲ್ಲಿ ನಾನು ಮತ್ತು ನನ್ನ ಅತ್ತೆ ನಾಗವ್ವ ಇಬ್ಬರೇ. ಜೋಳದ ರೊಟ್ಟಿ ಬಡಿದು ಮಾರುತ್ತೇವೆ. ವಾಕಡದ ಎರಡು ಕನ್ನಡ ಮೆಸ್ಸುಗಳಿಗೆ ನಮ್ಮ ರೊಟ್ಟಿಯೇ ಹೋಗುತ್ತದೆ. ಸಪ್ನಾ ಕಾಲೇಜಿನಲ್ಲಿ ನಾಟಕ ಮಾಡುತ್ತಿದ್ದವಳು, ಈಗ ವಾಕಡದಲ್ಲಿ ಗೆಳತಿಯರ ಜೊತೆ ಖೋಲಿ ಮಾಡಿಕೊಂಡಿದ್ದಾಳೆ. ಅವಳ ಅಪ್ಪ ಮಾಂತು, ನನ್ನ ಗಂಡ, ಅವಳು ಮೂರನೇ ಇಯತ್ತೆಯಲ್ಲಿದ್ದಾಗ ಹೋದ. ಕಾರಖಾನೆಯಲ್ಲಿ ತಗಡು ಬಾಗಿಸುವ ರೋಲರಿಗೆ ಬಲಗೈ ಸಿಕ್ಕಿ, ಮೊಣಕೈ ದಾಟಿ, ಹೆಗಲಿನ ತನಕ ಎಳೆದುಕೊಂಡಿತು. ದವಾಖಾನೆ ಮುಟ್ಟುವಷ್ಟರಲ್ಲಿ ರಕ್ತವೆಲ್ಲ ಗಾಡಿಯಲ್ಲೇ ಹೋಗಿತ್ತು. ಅದರ ಬಣ್ಣ ಶರಬತ್ತಿನದಲ್ಲ.

ಆ ದಿನ ಅತ್ತೆಯನ್ನು ಅಳಲು ಬಿಡಲಿಲ್ಲ. ನಮ್ಮ ಕಡೆ ಹೆಣದ ಮುಂದೆ ಕುಳಿತು ಹಾಡ್ಯಾಡಿಕೊಂಡು ಅಳುತ್ತಾರೆ. ಸತ್ತವರ ಗುಣ, ಅವರು ಉಂಡದ್ದು ಉಟ್ಟದ್ದು, ಬಿಟ್ಟು ಹೋದದ್ದು, ಎಲ್ಲವನ್ನೂ ರಾಗ ಕಟ್ಟಿ ಹೇಳಬೇಕು. ಹೇಳಿದರೇ ಸತ್ತವರು ಹೋಗುತ್ತಾರೆ, ಹೇಳದಿದ್ದರೆ ಹೊಸ್ತಿಲಲ್ಲೇ ನಿಂತಿರುತ್ತಾರೆ ಎನ್ನುತ್ತಾರೆ. ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ನಾಗವ್ವನನ್ನು ಕರೆಯುತ್ತಿದ್ದರಂತೆ, ಅವಳು ಅತ್ತರೆ ಕಲ್ಲೂ ಕರಗುತ್ತಿತ್ತಂತೆ. ಆದರೆ ಸ್ವಂತ ಮಗ ಬಟ್ಟೆ ಸುತ್ತಿಕೊಂಡು ಮನೆಗೆ ಬಂದಾಗ ಅವಳು ಬಾಯಿ ತೆರೆದದ್ದೇ ತಡ, ನನ್ನ ಅಣ್ಣ ಶಿವಪ್ಪ ಓಡಿ ಬಂದು ಕೈ ಹಿಡಿದ. “ಯವ್ವಾ, ಇದು ಊರಲ್ಲ, ಪುಣೆ ಅದ. ಹಿಂಗ ಹಾಡ್ಯಾಡಿ ಅತ್ತರ ಮಂದಿ ಹಲ್ಲ ಕಿಸೀತಾರ,” ಎಂದ. ಮನೆ ಮಾಲೀಕನೂ ಗದ್ದಲ ಬೇಡ ಎಂದ. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ಕುಳಿತಳು. ಆ ಹಾಡು ಒಳಗೇ ಉಳಿಯಿತು.

ಸಿನಿಮಾ ಬಿಡುಗಡೆಯ ದಿನ ಸಪ್ನಾ ನಮಗೂ ಟಿಕೇಟು ಕಳಿಸಿದ್ದಳು. ಅತ್ತೆ ಪೆಟ್ಟಿಗೆಯಿಂದ ಇಳಕಲ್ಲ ಸೀರೆ ತೆಗೆದು ಉಟ್ಟಳು. ಮೊಮ್ಮಗಳಿಗೆಂದು ಶೇಂಗಾ ಹೋಳಿಗೆ ಕಟ್ಟಿಕೊಂಡಳು. ಸಿನಿಮಾ ಇದ್ದ ಮಾಲಿನ ಬಾಗಿಲಲ್ಲಿ ಕಾವಲಿನವನು ಹೊರಗಿನ ತಿಂಡಿ ಬಿಡುವುದಿಲ್ಲವೆಂದು ಹೋಳಿಗೆಯನ್ನು ಇಸಿದುಕೊಂಡ. ಒಳಗೆ ಹುರಿದ ಮೆಕ್ಕೆಜೋಳ ನಮ್ಮ ರೊಟ್ಟಿಯ ಹತ್ತು ಪಟ್ಟು ಬೆಲೆಗೆ ಮಾರುತ್ತಿದ್ದರು.

ಅತ್ತೆ ಹೆದರಿಯಾಳು ಎಂದು ನಾನು ಮೊದಲೇ ಕಿವಿಯಲ್ಲಿ ಹೇಳಿದೆ, “ಅತ್ತೀ, ನಮ್ಮ ಸಪ್ನಾ ಇದರಾಗ ಸಾಯ್ತಾಳ. ಎಲ್ಲಾ ಸುಳ್ಳದ, ಗಾಬರಿ ಆಗಬ್ಯಾಡ್ರಿ.”

“ನನಗೇನ ಹುಚ್ಚ ಹಿಡದದ? ಬಯಲಾಟ ನೋಡಿಲ್ಲೇನ ನಾನು? ಸತ್ತ ರಾಕ್ಷಸ ಬೆಳಿಗ್ಗೆ ನಮ್ಮ ಮನಿಗೇ ಚಾ ಕುಡೀಲಿಕ್ಕೆ ಬರತಿದ್ದ,” ಎಂದಳು ಅತ್ತೆ.

ಮೂವರು ಸಾಯುವವರೆಗೂ ಅವಳು ಆರಾಮಾಗಿಯೇ ಇದ್ದಳು. ಗೋಣಿಚೀಲದವನನ್ನು ನೋಡಿ “ಈ ಹಾಟ್ಯಾಗ ಚೀಲದಾಗ ಉಸರು ಹೆಂಗ ಆಡತದ?” ಎಂದು ಕೇಳಿ ನನ್ನನ್ನೂ ನಗಿಸಿದಳು. ಆಮೇಲೆ ಸಪ್ನಾ ಬಂದಳು. ಕತ್ತಲೆಯಲ್ಲಿ ಓಡಿ ಓಡಿ ತೋಟದ ಮನೆಯ ಬಾಗಿಲು ಬಡಿಯುತ್ತಾಳೆ. “ತೆಗೀರಿ, ನಾನು, ನಾನು ಇನ್ನೂ ಬದುಕಿದ್ದೇನೆ,” ಎಂದು ಹಿಂದಿಯಲ್ಲಿ ಅಂಗಲಾಚುತ್ತಾಳೆ. ಒಳಗಿದ್ದವರು ತೆಗೆಯುವುದಿಲ್ಲ. ಹಿಂದೆ ಕಬ್ಬಿನ ರಸ ತೆಗೆಯುವ ಯಂತ್ರವಿದೆ, ಶಿರೂರಿನ ರಸ್ತೆಯುದ್ದಕ್ಕೂ ಗೆಜ್ಜೆ ಕಟ್ಟಿ ತಿರುಗಿಸುತ್ತಾರಲ್ಲ, ಅಂಥದ್ದು. ಆ ಗೋಣಿಚೀಲದವನು ಅವಳ ಬಲಗೈಯನ್ನು ಎರಡು ಉರುಳೆಗಳ ನಡುವೆ ಕೊಡುತ್ತಾನೆ. ಗೆಜ್ಜೆ ಘಲ್ ಘಲ್ ಎನ್ನುತ್ತದೆ. ಬೆರಳು, ಮಣಿಕಟ್ಟು, ಮೊಣಕೈ. ಕ್ಯಾಮೆರಾ ಎಲ್ಲಿಗೂ ಮುಖ ತಿರುಗಿಸುವುದಿಲ್ಲ. ಹೆಗಲಿಗೆ ಬಂದಾಗ ನನ್ನ ಮಗಳು “ಪಪ್ಪಾ” ಎಂದು ಕೂಗಿದಳು.

ಪಕ್ಕಕ್ಕೆ ನೋಡಿದರೆ ಅತ್ತೆ ಎದ್ದು ನಿಂತಿದ್ದಾಳೆ. ಎರಡೂ ಅಂಗೈಯಿಂದ ಎದೆ ಬಡಿದುಕೊಂಡು ರಾಗ ತೆಗೆದಳು.

“ಏಳ ನನ್ನ ಮಗಳ, ಎಣ್ಣಿ ಕಾಸಿ ಇಟ್ಟೀನಿ, ಎರಿಯೂಕಿ ಬಂದೀನಿ ಏಳಬಾರದ… ಬುತ್ತಿ ಒಯ್ದ ಕೈಯಿ ಎಲ್ಲಿ ಬಿಟ್ಟು ಬಂದ್ಯೋ ನನ್ನಪ್ಪಾ, ಕೈಯಿಲ್ಲದಾಂವಗ ತುತ್ತು ಯಾರು ಮಾಡಿ ಕೊಟ್ಟಾರೋ… ಕಬ್ಬಿಣಕ್ಕ ಕರುಳಿಲ್ಲೋ ನನ್ನ ಮಾಂತಾ, ಹಡದಾಕಿ ಬಾಯಿಗೆ ಸೆರಗ ತುರುಕ್ಯಾರೋ…”

ಮಗಳಿಂದ ಹೊರಟ ಹಾಡು ಮಗನಿಗೆ ಬಂದು ನಿಂತಿತ್ತು. ಇಷ್ಟು ವರ್ಷ ಒಳಗೆ ಕೊಳೆತಿದ್ದ ಒಂದೊಂದು ಮಾತೂ ಹೊರಗೆ ಬಂತು. ಅವನ ಸೈಕಲ್ಲು, ಅವನ ಹಾಳು ಕೆಮ್ಮು, ಸಂಬಳದ ದಿನ ತರುತ್ತಿದ್ದ ಕುಂದಾ. ನಾನು ತಡೆಯಲಿಲ್ಲ. ತಡೆಯುವ ಮನಸ್ಸೇ ಬರಲಿಲ್ಲ. ನನಗೂ ಅಳು ಉಕ್ಕಿ ಬಂತು, ಸುಖದ ಅಳು ಎಂದರೂ ಎನ್ನಿ.

ಥಿಯೇಟರಿನಲ್ಲಿ ಮೊದಲು ಗಪ್‌ಚಿಪ್ಪಾಯಿತು. ಆಮೇಲೆ ಒಬ್ಬ ನಕ್ಕ. ಒಬ್ಬ ನಕ್ಕದ್ದೇ ಸಾಕು, ಇಡೀ ಥಿಯೇಟರು ನಕ್ಕಿತು. ಸಾಲುಸಾಲಾಗಿ ಮೊಬೈಲು ಮೇಲೆದ್ದವು. ಯಾರೋ ಸೀಟಿ ಹೊಡೆದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಕೊನೆಯ ಸಾಲಿನಲ್ಲಿ ಸಿನಿಮಾದವರ ಜೊತೆ ಕುಳಿತಿದ್ದ ಸಪ್ನಾ ಇಳಿದು ಬಂದು, “ಆಯಿ, ನಾ ಇಲ್ಲೇ ಅದೀನಿ ನೋಡು,” ಎಂದು ಅಜ್ಜಿಯನ್ನು ತಬ್ಬಿ ಹೊರಗೆ ಕರೆತಂದಳು. ಅವಳ ಮುಖ ಕೆಂಪಾಗಿತ್ತು. ಅದು ನಾಚಿಕೆಯೋ ದುಃಖವೋ ನನಗೆ ತಿಳಿಯಲಿಲ್ಲ.

ಮನೆಗೆ ಬಂದು ನಾನು ನೀರು ಕಾಯಿಸಿದೆ. ಹಾಡ್ಯಾಡಿ ಅತ್ತವರು, ಮಣ್ಣಿಗೆ ಹೋಗಿ ಬಂದವರು, ಉಟ್ಟ ಬಟ್ಟೆಯ ಮೇಲೆಯೇ ತಲೆಗೆ ನೀರು ಹಾಕಿಕೊಂಡು ಒಳಗೆ ಬರುವುದು ನಮ್ಮ ಪದ್ಧತಿ. ಅತ್ತೆ ಬಚ್ಚಲಿನ ಕಡೆ ತಿರುಗಿಯೂ ನೋಡಲಿಲ್ಲ.

“ಯಾರ ಸತ್ತಾರಂತ ಜಳಕಾ ಮಾಡಲಿ? ನಾ ನೀರ ಹಾಕ್ಕೊಂಡ್ರ ಹುಡುಗಿ ಸತ್ತಂಗೇ ಆತಲ್ಲ!” ಗೋಡೆಗೆ ಒರಗಿ ಕುಳಿತಳು. “ಮಾಂತಾಗ ಅಂತ ನಾ ಅತ್ತದ್ದು ಖರೆ. ಆದರ ಹಾಡ ಎತ್ತಿದ್ದು ಅಕೀ ಹೆಸರಲೆ. ಜೀವಂತ ಕೂಸಿಗೆ ಹೆಣದ ಹಾಡ ಹಾಡೀನವಾ.”

“ಸತ್ತ ಸುದ್ದಿ ಸುಳ್ಳಾದ್ರ ಆಯುಷ್ಯ ಹೆಚ್ಚತದ ಅಂತಾರ್ರಿ,” ಎಂದು ನಾನು ಸಮಾಧಾನ ಹೇಳಿದೆ.

“ಅದು ಮಂದಿ ಹೇಳೂ ಸುದ್ದಿ. ನಾ ಸುದ್ದಿ ಹೇಳಿಲ್ಲ, ಹಾಡ್ಯಾಡಿ ಕಳಿಸೀನಿ. ಅಕೀನ ತಿರುಗಿ ಕರಕೋಬೇಕು. ತಲಿಗೆ ಎಣ್ಣಿ ಹಚ್ಚಿ ಎರೀತೀನಿ, ಉಡಿ ತುಂಬಸ್ತೀನಿ, ನನ್ನ ಕೈಲೆ ಒಂದ ತುತ್ತು ಉಣ್ಣಲಿ. ಆಮ್ಯಾಲ ನಾ ಸತ್ತರೂ ಚಿಂತಿಲ್ಲ. ಅಕೀನ ಮನಿಗೆ ಬಾ ಅನ್ನು.”

ಕೇಳಿದ್ದು ಇಷ್ಟೇ. ಒಂದು ಜಳಕ, ಒಂದು ತುತ್ತು. ಅತ್ತೆ ಹೊಸ ಖಣ ತರಿಸಿದಳು, ತೆಂಗಿನಕಾಯಿ, ಅಕ್ಕಿ, ಉತ್ತತ್ತಿ ತರಿಸಿದಳು. ನಾವಿಬ್ಬರೂ ಗಂಡ ಇಲ್ಲದವರು, ಉಡಿ ತುಂಬುವ ಹಾಗಿಲ್ಲ. ಪಕ್ಕದ ಮನೆಯ ರಾಧಾಬಾಯಿ ಮರಾಠಿಯವಳು, ಮುತ್ತೈದೆ. “ಅದಕ್ಕೇನು ವಹಿನಿ, ನಿಮ್ಮ ಸಪ್ನಾ ನನ್ನ ಮಗಳಲ್ಲವೇ,” ಎಂದು ಮರಾಠಿಯಲ್ಲಿ ಹೇಳಿ ಒಪ್ಪಿದಳು. ಇನ್ನು ಬರಬೇಕಾದವಳು ಮಗಳೊಬ್ಬಳೇ. ಫೋನು ಮಾಡಿದರೆ ನಾಳೆ ಎಂದಳು, ಮರುದಿನ ಮಾಡಿದರೆ ರವಿವಾರ ಎಂದಳು.

ಅಷ್ಟರಲ್ಲಿ ಅತ್ತೆಯ ವಿಡಿಯೋ ಊರೆಲ್ಲ ಓಡಾಡಿತು. ಅದಕ್ಕೊಂದು ಹೆಸರು, ‘ದಾದಿ ಕಾ ರಿವ್ಯೂ’, ಅಂದರೆ ಅಜ್ಜಿಯ ವಿಮರ್ಶೆ. ಅತ್ತೆ ಎದೆ ಬಡಿದುಕೊಳ್ಳುತ್ತಿದ್ದರೆ ಕೆಳಗೆ ಹಿಂದಿಯಲ್ಲಿ ಅಕ್ಷರ ಮೂಡುತ್ತವೆ: ‘ಟಿಕೇಟಿನ ದುಡ್ಡು ವಾಪಸ್ ಕೊಡಿ, ನನ್ನ ಪಾಪ್‌ಕಾರ್ನ್ ಎಲ್ಲಿ ಹೋಯಿತು, ಇಂಟರ್ವಲ್ಲಿನಲ್ಲೇ ಎದ್ದು ಹೋಗಬೇಕಿತ್ತು.’ ಬುತ್ತಿ ಒಯ್ದ ಕೈ ಎಲ್ಲಿ ಎನ್ನುವ ಜಾಗದಲ್ಲಿ ಪಾಪ್‌ಕಾರ್ನ್! ನೋಡಿದವರು ಹೊಟ್ಟೆ ಹಿಡಿದು ನಕ್ಕರು. ರೊಟ್ಟಿ ಕೊಳ್ಳಲು ಬರುವ ಗುಮಾಸ್ತ ಸಿದ್ದಾರೂಢರಿಗೆ ಮಾತ್ರ ಕನ್ನಡ ಬರುತ್ತದೆ, ಅವರು ಹಾಡನ್ನು ಕೇಳಿಸಿಕೊಂಡಿದ್ದರು. ರೊಟ್ಟಿ ಕಟ್ಟಿಕೊಡುವ ತನಕ ನನ್ನ ಮುಖ ನೋಡಲಿಲ್ಲ. “ಮಾಂತಣ್ಣ ಭಾಳ ಛಲೋ ಮನಷ್ಯಾ ಇದ್ದರ್ರಿ,” ಎಂದಷ್ಟೇ ಹೇಳಿ ಹೋದರು. ಆ ವಿಡಿಯೋದ ಬಗ್ಗೆ ನಾನು ಕೇಳಿದ ಒಂದೇ ಒಳ್ಳೆ ಮಾತು ಅದು.

ಎಲ್ಲರಂತೆ ಸಪ್ನಾಳೂ ಅದನ್ನು ತನ್ನ ಹೆಸರಿನಲ್ಲಿ ಹಂಚಿದ್ದಳು, ಅದೇ ಸುಳ್ಳು ಅಕ್ಷರಗಳ ಸಮೇತ. ನನಗೆ ಮೈ ಉರಿಯಿತು. ಫೋನು ಹಚ್ಚಿದೆ.

“ನಿನಗ ಕನ್ನಡ ಬರತದಲ್ಲ? ನಿಮ್ಮ ಆಯಿ ಏನ್ ಹಾಡ್ಯಾಳ ಅಂತ ತಿಳೀಲಿಲ್ಲೇನ?”

“ತಿಳೀತು ಮಮ್ಮಿ,” ಎಂದಳು. “ನಾ ಅಪ್‌ಲೋಡ್ ಮಾಡಿದ್ದಲ್ಲ ಅದು. ಕಂಪನಿಯವರು ಶೇರ್ ಮಾಡು ಅಂದ್ರು. ಮಾಡಲಿಲ್ಲಂದ್ರ ಪಾರ್ಟ್ ಥ್ರೀದಾಗ ಬ್ಯಾರೆ ಹುಡುಗಿ ಬರತಾಳ.”

“ನೀ ಸತ್ತೀಯಲ್ಲ ಟೂದಾಗ?”

“ಅವಳಿ ತಂಗಿ ಅಂತ ಬರತೀನಿ. ಆ ಸೀನ್ ಮಂದಿಗೆ ಭಾಳ ಹಿಡಿಸ್ಯದ.”

“ಆ ಸೀನ ಯಾರ ಬರದ್ರು?”

ಅವಳು ದನಿ ತಗ್ಗಿಸಿದಳು. “ನಾನೇ ಹೇಳಿದ್ದು. ಶೂಟಿಂಗಿಗಿಂತ ಮೊದಲು ಎಲ್ಲಾರನ್ನೂ ಕೂಡಿಸಿ, ನಿಮಗ ಯಾವುದರದು ಭಾಳ ಅಂಜಿಕಿ ಅದ ಅಂತ ಡೈರೆಕ್ಟರ್ ಕೇಳಿದ್ರು. ನಾ ಪಪ್ಪಾಂದು ಹೇಳಿದೆ. ಹೇಳೂ ಮುಂದ ಅತ್ತಬಿಟ್ಟೆ. ಅವರು ಬರಕೊಂಡ್ರು.” ಆಮೇಲೆ ದನಿ ಏರಿತು. “ಪಪ್ಪಾ ಸತ್ತಾಗ ಯಾರ ಕೇಳಿದ್ರು ಮಮ್ಮಿ? ಕಾರಖಾನಿಯಾಗ ಒಂದ ತಾಸು ಮಶೀನ್ ಸೈತ ಬಂದ್ ಮಾಡಲಿಲ್ಲ. ಈಗ ನೋಡು, ಅದೇ ಸಾವು ನೋಡಿ ಲಕ್ಷಗಟ್ಟಲೆ ಮಂದಿ ಕಣ್ಣು ಮುಚ್ಚಕೊಂಡಾರ.”

“ಕಣ್ಣ ಮುಚ್ಚಕೊಂಡಿಲ್ಲ, ಹಲ್ಲ ತಗದಾರ,” ಎಂದೆ. ಅವಳು ಫೋನು ಇಟ್ಟಳು. ಅವಳ ಮಾತಿನಲ್ಲಿ ಅರ್ಧ ನಿಜವಿತ್ತು ಎಂಬುದೇ ನನಗೆ ಹೆಚ್ಚು ಸಿಟ್ಟು ತಂದಿತು. ಅತ್ತೆಗೆ ಇದನ್ನು ಹೇಳಲಿಲ್ಲ, ರವಿವಾರ ಬರುತ್ತಾಳೆ ಎಂದು ಮಾತ್ರ ಹೇಳಿದೆ.

ರವಿವಾರ ನಿಜವಾಗಿಯೂ ಬಂದಳು. ಅತ್ತೆ ಬೆಳಿಗ್ಗೆಯೇ ಎಣ್ಣೆ ಬೆಚ್ಚಗೆ ಮಾಡಿ, ಬಚ್ಚಲಲ್ಲಿ ಮಣೆ ಹಾಕಿ, ಬಕೆಟ್ಟಿನಲ್ಲಿ ಬಿಸಿನೀರು ತುಂಬಿಸಿಟ್ಟಿದ್ದಳು. ರಾಧಾಬಾಯಿ ಹಸಿರು ಸೀರೆ ಉಟ್ಟು, ತಾಟಿನಲ್ಲಿ ಉಡಿಯ ಸಾಮಾನು ಹೊಂದಿಸಿಕೊಂಡು ಕುಳಿತಿದ್ದಳು. ಸಪ್ನಾ ಒಳಗೆ ಬಂದಾಗ ಅತ್ತೆಯ ಮುಖ ಹೇಗೆ ಅರಳಿತೆಂದರೆ ನನಗೆ ಆ ಹಾಳು ಸಿನಿಮಾ ಮರೆತೇ ಹೋಯಿತು. ಅವಳ ಹಿಂದೆ ಗಡ್ಡದ ಒಬ್ಬ ಯುವಕ ಬಂದ. ಸುಖೇಶ್ ಅಂತೆ, ಡೈರೆಕ್ಟರಿಗೆ ಅಸಿಸ್ಟಂಟ್, ಮಂಗಳೂರಿನ ಹೋಟೆಲಿನವರ ಮಗ. ಕೈಯಲ್ಲಿ ಮೈಕು, ಮೊಬೈಲು, ವೈರು.

“ನಮಸ್ಕಾರ ಆಂಟಿ. ಅಜ್ಜಿ ಹಾಡಿದ್ರಲ್ಲ, ಅದೇ ಟ್ಯೂನ್ ಪಾರ್ಟ್ ಥ್ರೀಗೆ ಬೇಕಿತ್ತು. ಥಿಯೇಟರ್ ಆಡಿಯೋದಲ್ಲಿ ಪಬ್ಲಿಕ್ ನಗೋದೆಲ್ಲ ಮಿಕ್ಸ್ ಆಗಿದೆ. ಇಲ್ಲಿ ಕ್ಲೀನಾಗಿ ಒಂದು ಟೇಕ್ ಸಿಕ್ಕಿದ್ರೆ ಸಾಕು,” ಎಂದ.

ನಾನು ಮಗಳ ಮುಖ ನೋಡಿದೆ. ಅವಳು ಅಜ್ಜಿಯ ಪಕ್ಕ ಕುಳಿತು ಗಲ್ಲ ಹಿಡಿದು, “ಆಯಿ, ಐದ ಮಿನಿಟು. ಮೊದಲ ಹಾಡಿಬಿಡು, ಆಮ್ಯಾಲ ಎಣ್ಣಿ ಹಚ್ಚು, ಎರಿ, ಉಡಿ ತುಂಬಸು, ಏನ ಬೇಕಾದ್ದ ಮಾಡು. ಸಂಜಿತನಾ ಇರತೀನಿ,” ಎಂದಳು.

ಅತ್ತೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಮೊದಲ ಎರಕೋ ಮಗಳ. ಎಣ್ಣಿ ಆರತದ.”

“ಎರಕೊಂಡ್ರ ತಲಿ ಹಸಿ ಆಗತದ ಆಯಿ, ಇವರು ಆಮ್ಯಾಲ ನನ್ನವೂ ಎರಡ ಶಾಟ್ ತಗೋಬೇಕಂತಾರ. ಹಾಡ ಮೊದಲ ಆಗಲಿ.”

“ಅದು ಹಂಗ ಹಾಡೂ ಹಾಡಲ್ಲ. ಹೆಣದ ಮುಂದ ಹಾಡೂದು,” ಎಂದಳು ಅತ್ತೆ ಮೆಲ್ಲಗೆ. “ಎಲ್ಯದ ಹೆಣ?”

ಸುಖೇಶನಿಗೆ ಖುಷಿಯಾಯಿತು. “ಕರೆಕ್ಟ್ ಸಪ್ನಾ, ಅವರಿಗೆ ಒಂದು ಸಿಚುವೇಶನ್ ಕೊಡ್ಬೇಕು,” ಎಂದ.

ಸಪ್ನಾ ಒಂದು ಗಳಿಗೆ ನನ್ನ ಕಡೆ ನೋಡಿದಳು. ನಾನು ಬೇಡ ಎಂದು ತಲೆ ಅಲ್ಲಾಡಿಸಿದೆ. ಅವಳು ನಕ್ಕಳು. ಸಣ್ಣವಳಿದ್ದಾಗ ಶಾಲೆ ತಪ್ಪಿಸಲು ಹೊಟ್ಟೆನೋವು ಎಂದು ಹೇಳಿ ನಗುತ್ತಿದ್ದ ಅದೇ ನಗು. ಓಢಣಿಯನ್ನು ಮೈಮೇಲೆ ಎಳೆದುಕೊಂಡು ಅಜ್ಜಿಯ ಮುಂದೆ ನೆಲದ ಮೇಲೆ ಉದ್ದಕ್ಕೆ ಮಲಗಿದಳು. ಬಲಗೈಯನ್ನು ಬೆನ್ನ ಹಿಂದೆ ಮಡಚಿ ಮುಚ್ಚಿಟ್ಟಳು, ಕೈ ಇಲ್ಲದವಳ ಹಾಗೆ.

“ಇಲ್ಲೇ ಅದ ತಗೋ ಆಯಿ ಹೆಣ,” ಎಂದು ಕಣ್ಣು ಮುಚ್ಚಿದಳು.

ರಾಧಾಬಾಯಿಗೆ ಕನ್ನಡ ಬರದಿದ್ದರೂ ಕಂಡದ್ದು ತಿಳಿಯಿತು. ಅವಳು ತಾಟನ್ನು ಎದೆಗವಚಿಕೊಂಡಳು. ಸುಖೇಶ್ ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಿರಿಸಿ, ಮೊಬೈಲು ಚಾಲೂ ಮಾಡಿದ.

ಅತ್ತೆ ಮೊಮ್ಮಗಳನ್ನು ನೋಡುತ್ತಲೇ ಇದ್ದಳು. ಹಾಡಿಯೇಬಿಡುತ್ತಾಳೆ ಎಂದುಕೊಂಡೆ. ಅವಳ ಕೈ ಮುಂದೆ ಹೋಯಿತು, ಸಪ್ನಾಳ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿತು. ಆಮೇಲೆ ನೆಲಕ್ಕೆ ಕೈಯೂರಿ ಎದ್ದಳು. ನನ್ನ ಕಡೆ ತಿರುಗಿ, “ನೀರ ಕಾದದಲ್ಲ?” ಎಂದು ಕೇಳಿದಳು. ಕಾದಿದೆ ಎಂದೆ. ಸಪ್ನಾಳಿಗೆ ಎರೆಯಲು ಕೇಳಿದಳೆಂದೇ ತಿಳಿದೆ.

ಅತ್ತೆ ಬಚ್ಚಲಿಗೆ ಹೋದಳು, ಬಾಗಿಲು ಹಾಕಿಕೊಂಡಳು. ಒಳಗೆ ಮಣೆಯನ್ನು ಗೋಡೆಗೆ ಸರಿಸಿದ ಸದ್ದಾಯಿತು. ಸೀರೆ ಬಿಚ್ಚುವಷ್ಟು ಹೊತ್ತೂ ಆಗಿರಲಿಲ್ಲ, ತಲೆಯ ಮೇಲೆ ಚೊಂಬಿನಿಂದ ನೀರು ಸುರಿಯುವುದು ಕೇಳಿಸಿತು. ಒಂದು ಚೊಂಬು, ಅದರ ಹಿಂದೆ ಇನ್ನೊಂದು.

“ಅಜ್ಜಿ ರೆಡಿಯಾಗ್ತಿದ್ದಾರಾ?” ಎಂದು ಸುಖೇಶ್ ಪಿಸುಗುಟ್ಟಿದ.

ಸಪ್ನಾ ಕಣ್ಣು ತೆರೆದಳು. ಉಟ್ಟ ಬಟ್ಟೆಯ ಮೇಲೆ ನೀರು ಹಾಕಿಕೊಳ್ಳುವ ಪದ್ಧತಿ ಅವಳಿಗೂ ಗೊತ್ತು, ಅಪ್ಪನ ಮಣ್ಣಾದ ದಿನ ಅವಳನ್ನು ಫ್ರಾಕಿನ ಸಮೇತ ಮೀಯಿಸಿದವಳು ಇದೇ ಅಜ್ಜಿ. ಮುಖ ಬಿಳಿಚಿಕೊಂಡಿತು. ಎದ್ದು ಓಡಿ ಹೋಗಿ ಬಚ್ಚಲ ಬಾಗಿಲು ಬಡಿಯತೊಡಗಿದಳು.

“ಆಯಿ, ತೆಗಿ! ಚಾಷ್ಟಿ ಮಾಡಿದೆ ಆಯಿ. ನಾ ಅದೀನಿ. ಆಯಿ, ನಾ ಜೀವಂತ ಅದೀನಿ!”

ಸಿನಿಮಾದಲ್ಲಿಯೂ ಅವಳು ಹೀಗೆಯೇ ಬಾಗಿಲು ಬಡಿಯುತ್ತಾಳೆ, ಹೀಗೆಯೇ ಎರಡೂ ಅಂಗೈಯಿಂದ. ದನಿ ಒಡೆಯುವುದೂ ಇದೇ ಜಾಗದಲ್ಲಿ. ಹೆತ್ತ ತಾಯಿ ನಾನು, ಯಾವುದು ನಟನೆ ಯಾವುದು ಖರೆ ಎಂದು ನನಗೆ ಹೇಳಲಾಗಲಿಲ್ಲ. ಸುಖೇಶ್ ಮೊಬೈಲು ಬಂದ್ ಮಾಡಿರಲಿಲ್ಲ. ಅದನ್ನು ಮೆಲ್ಲಗೆ ಅವಳ ಕಡೆ ತಿರುಗಿಸಿ ಹಿಡಿದಿದ್ದ. ಸಪ್ನಾ ಬಾಗಿಲು ಬಡಿಯುತ್ತಲೇ ಒಮ್ಮೆ, ಒಂದೇ ಒಮ್ಮೆ, ಅತ್ತ ಕಣ್ಣು ಹಾಯಿಸಿ ಮುಖದ ಮೇಲಿನ ಕೂದಲು ಸರಿಸಿಕೊಂಡಳು.

ರಾಧಾಬಾಯಿ ತಾಟಿಗೆ ಸೆರಗು ಮುಚ್ಚಿಕೊಂಡು ಎದ್ದು ಹೋದಳು.

ಒಳಗೆ ನೀರಿನ ಸದ್ದು ನಿಂತಿತು. “ಯಾರವಾ ಅದು?” ಎಂದು ಅತ್ತೆ ನನ್ನನ್ನು ಕೇಳಿದಳು. “ಯಾರು ಬಾಗಲಾ ಬಡೀಲಿಕ್ಕತ್ತಾರ?”

“ಯಾರೂ ಇಲ್ರಿ ಅತ್ತೀ,” ಎಂದೆ. “ನೀವು ಜಳಕಾ ಮಾಡ್ರಿ.”